ಕೀಲಿಗಂಡಿಯ ಸೊಟ್ಟ ಹಾದಿ

ನಮ್ಮ ಕಲಬುರಗಿಯ ಕಡೆ ಮನೆ ಬಿಟ್ಟು ಹೊರಡುವವರು ‘ಬೀಗ ಹಾಕಿದೆಯಾ?’ ಎಂದು ಕೇಳುವುದಿಲ್ಲ, ‘ಕೀಲಿ ಹಾಕಿದಿಯೇನು?’ ಎಂದೇ ಕೇಳುತ್ತಾರೆ. ಮೈಸೂರು ಸೀಮೆಯಿಂದ ಬಂದ ಗೆಳೆಯರು ಇದನ್ನು ಕೇಳಿ ನಗುವುದುಂಟು. ಅವರ ಪಾಲಿಗೆ ಬೀಗ ಮುಚ್ಚುವ ಸಾಧನ, ಕೀಲಿ ತೆರೆಯುವ ಸಾಧನ. ತೆರೆಯುವುದನ್ನು ಬಾಗಿಲಿಗೆ ಹಾಕುವುದು ಹೇಗೆಂಬುದು ಅವರ ಪ್ರಶ್ನೆ. ನಮ್ಮವರಿಗಾದರೋ ಬೀಗ ಎಂದೊಡನೆ ಮಗಳನ್ನು ಕೊಟ್ಟ ಮನೆಯವರು ನೆನಪಾಗುತ್ತಾರೆ. ಅವರನ್ನು ಬಾಗಿಲಿಗೆ ಹಾಕುವುದು ಇನ್ನೂ ಕಷ್ಟದ ಕೆಲಸ!

ಶಬ್ದದ ದೃಷ್ಟಿಯಿಂದ ನೋಡಿದರೆ ನ್ಯಾಯ ನಮ್ಮ ಕಡೆಗೇ ಇದೆ ಎಂದು ನನ್ನ ಮತ. ಸಂಸ್ಕೃತದ ‘ಕೀಲ’ ಎಂದರೆ ಗೂಟ, ಮೊಳೆ. ಲೋಕದ ಅತಿ ಹಳೆಯ ಬೀಗಗಳು ಗೂಟದ ಬೀಗಗಳೇ ಆಗಿದ್ದವು. ನಮ್ಮ ಪೇಟೆಯಲ್ಲಿ ಒಂದೇ ಬಾಗಿಲಿನ ಸುತ್ತ ಎಷ್ಟು ಭಾಷೆಗಳು ನೆರೆದಿವೆ ನೋಡಿ. ‘ಕುಲುಪು’ ಅರಬ್ಬಿಯ ‘ಕುಫ್ಲ್’ನಿಂದ ಬಂದುದು. ‘ಚಾವಿ’ ಪೋರ್ತುಗೀಜರ ‘ಚಾವೆ’. ‘ತಾಲಾ’ ಸಂಸ್ಕೃತದ ‘ತಾಲಕ’. ಉರ್ದು ಮನೆಗಳ ‘ಕುಂಜಿ’ ಸಂಸ್ಕೃತದ ‘ಕುಂಚಿಕಾ’. ನವರಾತ್ರಿಯಲ್ಲಿ ಸಪ್ತಶತಿ ಪಾರಾಯಣ ಮಾಡುವ ಮನೆಗಳಲ್ಲಿ ಕವಚ, ಅರ್ಗಲಾ, ಕೀಲಕ ಎಂಬ ಸ್ತೋತ್ರಗಳನ್ನು ಓದುತ್ತಾರೆ. ಸಿದ್ಧಕುಂಜಿಕಾ ಸ್ತೋತ್ರವೂ ಉಂಟು. ಅಂದರೆ ಕವಚ, ಅಗುಳಿ, ಗೂಟ, ಕೀಲಿಕೈ; ಭಕ್ತಿಯ ಮಾತಿನಲ್ಲಿ ಒಂದು ಬಾಗಿಲಿನ ಸಮಸ್ತ ಸಲಕರಣೆಯೂ ಬಂದುಹೋಯಿತು. ಈ ಕುಂಚಿಕಾ ಎಂಬ ಮಾತಿನ ಹಿಂದಿರುವ ‘ಕುಂಚ್’ ಧಾತುವಿಗೆ ಬಾಗು, ಸೊಟ್ಟಗಾಗು ಎಂಬ ಅರ್ಥವುಂಟು. ಕೀಲಿಕೈಯೆಂದರೆ ಸೊಟ್ಟಗಿರುವುದು. ಈ ಸೊಟ್ಟತನವೇ ನನ್ನ ಇಂದಿನ ವಿಷಯ.

ವಾಚಕರು ದಯವಿಟ್ಟು ಕಿಸೆಯಲ್ಲಿರುವ ಮನೆಯ ಕೀಲಿಕೈಯನ್ನು ಒಮ್ಮೆ ಹೊರತೆಗೆಯಬೇಕು. ಅಂಚಿನಲ್ಲಿ ಗರಗಸದಂಥ ಹಲ್ಲುಗಳಿರುವುದನ್ನು ಎಲ್ಲರೂ ಬಲ್ಲರು. ಆದರೆ ಅದರ ಎರಡು ಕೆನ್ನೆಗಳ ಮೇಲೆ ಬುಡದಿಂದ ತುದಿಯವರೆಗೆ ಕೊರೆದ ಉದ್ದನೆಯ ಜಾಡುಗಳೂ ಇವೆ. ಇವು ಅಂದಕ್ಕೆಂದೋ ಲೋಹದ ಉಳಿತಾಯಕ್ಕೆಂದೋ ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅವು ಬೀಗದ ಮುಖದ ಮೇಲಿರುವ ರಂಧ್ರದ ಪಡಿಯಚ್ಚು. ಆ ರಂಧ್ರವನ್ನು ಕೀಲಿಗಂಡಿ ಎನ್ನೋಣ. ಕಂಡಿ ನೇರವಾದ ಸೀಳಾಗಿರದೆ, ಒಳಗೆ ಆಚೆ ಈಚೆಯಿಂದ ಏಣುಗಳು ಚಾಚಿಕೊಂಡು, ಹಾವು ಮಲಗಿದಂತೆ ಸೊಟ್ಟಗಿರುತ್ತದೆ. ಈ ಸೊಟ್ಟದಾರಿ ಕಳ್ಳನನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದು ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಆದರೆ ಇದರ ಹಿಂದೆ ಎರಡು ಸಾವಿರ ವರ್ಷಕ್ಕೂ ಮಿಕ್ಕ ವಾದವಿದೆ.

ಪ್ರಾಚೀನ ಈಜಿಪ್ಟು, ಅಸ್ಸೀರಿಯ ದೇಶಗಳ ಬೀಗ ಮರದ್ದು. ಬಾಗಿಲ ಅಗುಳಿಯಲ್ಲಿ ಕೆಲವು ತೂತುಗಳು. ಅಗುಳಿಯನ್ನು ತಳ್ಳಿದೊಡನೆ ಮೇಲಿನ ದಿಮ್ಮಿಯಿಂದ ಅಷ್ಟೇ ಗೂಟಗಳು ತಮ್ಮ ಭಾರದಿಂದಲೇ ಆ ತೂತುಗಳೊಳಗೆ ಬೀಳುವವು. ಕೀಲಿಕೈ ಎಂಬುದು ಹಲ್ಲುಜ್ಜುವ ಬ್ರಶ್ಶಿನಂಥ ಮರದ ಪಟ್ಟಿ. ಅದರ ತುದಿಯಲ್ಲಿ ಗೂಟಗಳ ಲೆಕ್ಕಕ್ಕೆ ಸರಿಯಾಗಿ ಮೊಳೆಗಳು. ಅದನ್ನು ತೂರಿಸಿ ಮೇಲೆತ್ತಿದರೆ ಗೂಟಗಳೆದ್ದು ಅಗುಳಿ ಸಡಿಲವಾಗುವುದು. ಬೈಬಲಿನ ಯೆಶಾಯನ ಗ್ರಂಥದಲ್ಲಿ ಕೀಲಿಕೈಯನ್ನು ಹೆಗಲ ಮೇಲೆ ಇರಿಸುವ ಮಾತು ಬರುತ್ತದೆ. ಅಂಥ ಕೀಲಿಗೆ ಅದು ಉತ್ಪ್ರೇಕ್ಷೆಯಲ್ಲ. ಅಷ್ಟು ದೊಡ್ಡ ಕೀಲಿಗೆ ಅಷ್ಟೇ ದೊಡ್ಡ ಕಂಡಿ ಬೇಕು. ಕೀಲಿ ಹೋಗುವ ಹಾದಿಯಲ್ಲಿ ಕಳ್ಳನ ಬೆರಳೂ ಹೋಗಬಹುದು. ಬೀಗ ಮಾಡುವವನ ಫಜೀತಿಯೆಲ್ಲ ಇಲ್ಲಿಯೇ ಇದೆ. ಒಡೆಯನಿಗೆ ದಾರಿ ಬಿಡದೆ ಬೀಗವಾಗದು; ಬಿಟ್ಟ ದಾರಿಗೆ ಒಡೆಯನ ಗುರುತು ತಿಳಿಯದು.

ರೋಮನರು ಲೋಹದ ಬೀಗ ಮಾಡಿದರು. ಕೀಲಿ ಚಿಕ್ಕದಾಯಿತು, ಕೆಲವರು ಅದನ್ನು ಉಂಗುರವಾಗಿಯೇ ಬೆರಳಿಗೆ ತೊಟ್ಟರು. ಅವರ ನಂತರದ ಯೂರೋಪಿನ ಕಮ್ಮಾರರು ಹಲವು ಶತಮಾನಗಳ ಕಾಲ ನಂಬಿದ್ದು ಒಂದೇ ಉಪಾಯವನ್ನು. ಬೀಗದೊಳಗೆ ಸಣ್ಣ ಅಡ್ಡಗೋಡೆಗಳನ್ನು ಕಟ್ಟುವುದು, ಆ ಗೋಡೆಗಳನ್ನು ತಪ್ಪಿಸಿಕೊಂಡು ಹೋಗುವಂತೆ ಕೀಲಿಯ ನಾಲಗೆಯಲ್ಲಿ ಕಚ್ಚುಗಳನ್ನು ಕೊರೆಯುವುದು. ಗೋಡೆಗಳು ಹೆಚ್ಚಿದಂತೆ ಕೀಲಿಯ ನಾಲಗೆ ಜಾಲಂಧ್ರದಂತೆ ಕುಸುರಿಯಾಯಿತು. ಕೊಂಡವರು ಆ ಕುಸುರಿಯನ್ನು ನೋಡಿ ನಿಶ್ಚಿಂತರಾದರು. ಆದರೆ ಕಳ್ಳನಿಗೆ ಹೊಳೆದದ್ದು ಬಲು ಸರಳವಾದ ಸಂಗತಿ: ಗೋಡೆಗಳು ಅಡ್ಡ ಬರುವುದು ನಾಲಗೆಯ ನಡುಭಾಗಕ್ಕೆ, ಅಗುಳಿಯನ್ನು ಸರಿಸುವ ಕೆಲಸ ತುದಿಯದು. ನಡುಭಾಗವನ್ನೆಲ್ಲ ಅರದಿಂದ ಉಜ್ಜಿ ತೆಗೆದು ಕಡ್ಡಿ ಮತ್ತು ತುದಿಯಷ್ಟನ್ನೇ ಉಳಿಸಿಕೊಂಡರೆ ಒಂದು ಕೀಲಿ ಹತ್ತು ಬೀಗಗಳಿಗೆ ಆಗುತ್ತದೆ. ಇಂಗ್ಲಿಷರು ಇದನ್ನು ‘ಅಸ್ಥಿಪಂಜರದ ಕೀಲಿ’ ಎಂದು ಕರೆದರು. ತಡೆಯುವ ಗೋಡೆ ಎಷ್ಟೇ ಚಿತ್ರವಾಗಿರಲಿ, ಅದು ಅಲುಗಾಡದ ಗೋಡೆ. ಬಂದವನು ಯಾರೆಂದು ಅದು ಪರೀಕ್ಷಿಸುವುದಿಲ್ಲ, ದಪ್ಪವಾಗಿರುವವನನ್ನು ಮಾತ್ರ ನಿಲ್ಲಿಸುತ್ತದೆ.

ಏಷ್ಯದ ಹಾದಿ ಬೇರೆ. ಚೀನದಿಂದ ಪಾರಸಿಕದವರೆಗೆ, ನಮ್ಮಲ್ಲಿಯೂ ಕೂಡ, ಬಹುಕಾಲ ನಡೆದದ್ದು ರೆಕ್ಕೆಯ ಬೀಗ. ಕೊಂಡಿಯ ತುದಿಗೆ ಬಾಣದ ಮುಳ್ಳಿನಂತೆ ಎರಡು ಮೂರು ಉಕ್ಕಿನ ರೆಕ್ಕೆಗಳು. ಕೊಳವೆಯೊಳಗೆ ನೂಕಿದಾಗ ಅವು ಮುದುಡಿ ಒಳಹೋಗಿ, ಒಳಗೆ ಅರಳಿ, ಹಿಂದಕ್ಕೆ ಬಾರದಂತೆ ನಿಲ್ಲುತ್ತವೆ. ಈ ಕೀಲಿಯನ್ನು ತಿರುಗಿಸುವುದಿಲ್ಲ, ಎದುರಿನಿಂದ ತೂರಿಸುತ್ತಾರೆ. ಅದರ ತೂತುಗಳು ರೆಕ್ಕೆಗಳನ್ನು ಅಪ್ಪಿ ಮುದುಡಿಸಿದಾಗ ಕೊಂಡಿ ಹೊರಬರುತ್ತದೆ. ಚೀನೀಯರು ಇಲ್ಲಿ ಕಂಡಿಯ ಆಕಾರವನ್ನೇ ಒಂದು ವಿದ್ಯೆಯನ್ನಾಗಿ ಬೆಳೆಸಿದರು. ತಮ್ಮ ಲಿಪಿಯ ಅಕ್ಷರಗಳ ರೂಪದಲ್ಲಿಯೇ ಕಂಡಿ ಕೊರೆದರು. ಮಂಗಳವೆಂಬ ಅರ್ಥದ ಅಕ್ಷರದ ಕಂಡಿಗೆ ಅದೇ ಆಕಾರದ ಕೀಲಿಯೇ ಬೇಕು, ಅದನ್ನು ಓರೆಯಾಗಿಸಿ, ತಿರುವಿ, ಹಂತಹಂತವಾಗಿ ತೂರಿಸಬೇಕು. ಅಕ್ಷರ ಬಲ್ಲವನಿಗೆ ಮಾತ್ರ ಬಾಗಿಲು ತೆರೆಯುವ ಈ ಏರ್ಪಾಡು ನಮ್ಮಂಥ ಮೇಷ್ಟರುಗಳಿಗೆ ಬಹಳ ಮೆಚ್ಚುಗೆಯಾಗತಕ್ಕದ್ದು.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರು ದೂರದ ಕಮಲಾಪುರದಲ್ಲಿ, ನಮ್ಮ ಹಿರಿಯರ ಮನೆಯ ಕತ್ತಲೆಕೋಣೆಯಲ್ಲಿ ಇಂಥ ಬೀಗ ಹಾಕಿದ ಒಂದು ಸಂದೂಕವಿದ್ದಿತು. ನಾನು ಹುಡುಗನಾಗಿದ್ದಾಗ ಅದರ ಕೀಲಿ ಕಳೆದುಹೋಯಿತು. ಅಜ್ಜಿ ಅರಿಷಿಣ ಕಲಸಿದ ಹಿಟ್ಟನ್ನು ಬೀಗದ ಮುಖಕ್ಕೆ ಒತ್ತಿ, ಕಂಡಿಯ ಅಚ್ಚು ತೆಗೆದು ಕಮ್ಮಾರನಿಗೆ ಕಳಿಸಿದಳು. ಅವನು ಸಂದೂಕವನ್ನು ನೋಡದೆಯೇ ಸಂಜೆಯೊಳಗೆ ಕೀಲಿ ಮಾಡಿ ಕೊಟ್ಟ. ಅಜ್ಜಿಗೆ ಸಂತೋಷವಾಯಿತು. ನನಗೆ ಅದರ ಅರ್ಥ ಹೊಳೆದದ್ದು ಬಹಳ ವರ್ಷಗಳ ಮೇಲೆ. ಕಂಡಿಯ ಆಕಾರ ವಿಶಿಷ್ಟವಾದಷ್ಟೂ ಬೇರೆ ಕೀಲಿಗಳು ಒಳಗೆ ಹೋಗುವುದಿಲ್ಲ, ನಿಜ. ಆದರೆ ತನ್ನ ಕೀಲಿ ಹೇಗಿದೆಯೆಂಬುದನ್ನು ಅದು ಊರಿಗೆಲ್ಲ ಸಾರಿ ಹೇಳುತ್ತಲೂ ಇರುತ್ತದೆ. ಕಾವಲುಗಾರನೇ ಡಂಗುರದವನೂ ಆದ ಹಾಗೆ.

ಹಾಗಾದರೆ ನಮ್ಮ ಹಿಂದಿನವರು ಇಂಥ ಬೀಗಗಳನ್ನು ನಂಬಿ ಹೇಗೆ ನಿದ್ದೆ ಮಾಡಿದರು? ಉತ್ತರ ಸರಳವಾಗಿದೆ: ಕಳ್ಳನು ಬೀಗದ ಬಳಿಗೆ ಬರುತ್ತಲೇ ಇರಲಿಲ್ಲ. ಮಣ್ಣಿನ ಗೋಡೆಯಿರುವಾಗ ಕಬ್ಬಿಣದೊಡನೆ ಹೋರಾಡುವ ಮೂರ್ಖನಾರು? ಕನ್ನಡದಲ್ಲಿ ಮನೆಗಳ್ಳತನಕ್ಕೆ ಇರುವ ಮಾತು ‘ಕನ್ನ’. ಗೋಡೆಗೆ ಕೊರೆದ ತೂತು ಎಂದರ್ಥ. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಯ ಗೋಡೆಯ ಮುಂದೆ ನಿಂತು, ಕನ್ನವನ್ನು ಅರಳಿದ ತಾವರೆಯಂತೆ ಕೊರೆಯಲೋ, ಬಾಲಚಂದ್ರನಂತೆಯೋ, ಸ್ವಸ್ತಿಕದಂತೆಯೋ ಎಂದು ಯೋಚಿಸಿ, ಕೊನೆಗೆ ಪೂರ್ಣಕುಂಭದ ಆಕಾರವೇ ಲೇಸೆಂದು ನಿರ್ಧರಿಸುತ್ತಾನೆ. ಅಳತೆಗೆ ತನ್ನ ಜನಿವಾರವನ್ನೇ ಬಳಸುತ್ತಾನೆ. ಚೀನದಲ್ಲಿ ಕಂಡಿಯ ಆಕಾರವನ್ನು ಕುರಿತು ಬೀಗ ಮಾಡುವವನು ತಲೆ ಕೆಡಿಸಿಕೊಂಡರೆ ನಮ್ಮಲ್ಲಿ ಕಳ್ಳನು ಕೆಡಿಸಿಕೊಂಡನು! ಈ ಕೊರೆತಕ್ಕೆ ಸಂಸ್ಕೃತದಲ್ಲಿ ‘ಸಂಧಿ’ ಎಂದು ಹೆಸರು. ತರಗತಿಯಲ್ಲಿ ನಾನು ಕಲಿಸುವ ಲೋಪ, ಆಗಮ, ಆದೇಶಗಳಿಗೂ ಅದಕ್ಕೂ ಸಂಬಂಧವಿಲ್ಲವೆಂದು ಹುಡುಗರಿಗೆ ಒಮ್ಮೆ ಸ್ಪಷ್ಟಪಡಿಸಬೇಕಾಯಿತು. ನಮ್ಮ ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಕನ್ನದ ಮಾರಿತಂದೆಯೆಂಬವನಿದ್ದಾನೆ. ಹಳೆಯ ವೃತ್ತಿ ಅವನ ಹೆಸರಿನಲ್ಲಿಯೇ ಉಳಿದಿದೆ. ಕಮಲಾಪುರದ ದಾರಿ ಮುಂದಕ್ಕೆ ಹೋಗಿ ಮುಟ್ಟುವ ಕಲ್ಯಾಣದ ಪಟ್ಟಣದಲ್ಲಿ ಶರಣರ ನಡುವೆ ಅವನಿಗೂ ಜಾಗವಿದ್ದಿತು.

ಬೆಲೆಬಾಳುವ ಒಡವೆಯನ್ನು ಇನ್ನೊಬ್ಬರ ಕೈಗೊಪ್ಪಿಸುವಾಗ ನಮ್ಮವರು ನೆಚ್ಚಿದ್ದು ಬೀಗಕ್ಕಿಂತ ಹೆಚ್ಚಾಗಿ ಮುದ್ರೆಯನ್ನು. ಕಲಬುರಗಿಯ ಸಮೀಪದ ಮರ್ತೂರಿನವನೆಂದು ಹೇಳಲಾಗುವ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ‘ಉಪನಿಧಿ’ಯ ವಿಚಾರ ಬರುತ್ತದೆ: ಒಳಗೇನಿದೆಯೆಂದು ಹೇಳದೆ ಮುದ್ರೆಯೊತ್ತಿ ಕೊಟ್ಟ ಇಡುಗಂಟನ್ನು ಮುದ್ರೆ ಸಹಿತ ಹಾಗೆಯೇ ಹಿಂದಿರುಗಿಸಬೇಕು. ಮುದ್ರೆ ಯಾರನ್ನೂ ತಡೆಯುವುದಿಲ್ಲ, ಮುಟ್ಟಿದವರನ್ನು ತೋರಿಸಿಕೊಡುತ್ತದೆ. ತಡೆಯುವುದು ಬೇರೆ, ತೋರಿಸಿಕೊಡುವುದು ಬೇರೆ ಎಂಬ ಈ ವಿವೇಕ ಮುಂದೆ ಇಂಗ್ಲೆಂಡಿನಲ್ಲಿ ಹೊಸ ರೂಪದಲ್ಲಿ ಬಂದುದನ್ನು ನೋಡುವೆವು.

ಸೊಟ್ಟದಾರಿಯ ತತ್ತ್ವವನ್ನು ನಮ್ಮ ಕಡೆಯವರು ಬೀಗದಲ್ಲಲ್ಲ, ಕೋಟೆಯಲ್ಲಿ ಪ್ರಯೋಗಿಸಿ ನೋಡಿದರು. ಕಲಬುರಗಿಯಲ್ಲಿ 1347ರಲ್ಲಿ ನೆಲೆಯೂರಿದ ಬಹಮನಿ ಅರಸರು ಮುಂದೆ ಅಹಮದ್ ಶಹನ ಕಾಲದಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದರು. ಬೀದರಿನ ಕೋಟೆಗೆ ಹೋದವರು ಗಮನಿಸಿರಬಹುದು: ಶರಜಾ ದರವಾಜೆಯನ್ನು ದಾಟಿದೊಡನೆ ಒಳಗೆ ಬಂದಂತಾಗುವುದಿಲ್ಲ, ದಾರಿ ತಿರುಗಿ ತಿರುಗಿ ಗುಂಬದ ದರವಾಜೆಯನ್ನು ಮುಟ್ಟಬೇಕು. ಆನೆಗೆ ಓಡಿ ಬಂದು ಗುದ್ದಲು ಜಾಗವಿಲ್ಲ. ದಂಡಿಗೆ ಸಾಲುಗಟ್ಟಲು ನೇರ ಹಾದಿಯಿಲ್ಲ. ಪ್ರತಿ ತಿರುವಿನಲ್ಲಿಯೂ ಮೇಲಿನಿಂದ ಬಾಣ, ಗುಂಡು. ಇದು ಕಲ್ಲಿನಲ್ಲಿ ಕಟ್ಟಿದ ಕೀಲಿಗಂಡಿಯೇ ಸರಿ. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆದರೆ 1657ರಲ್ಲಿ ಔರಂಗಜೇಬನು ಮುತ್ತಿಗೆ ಹಾಕಿದಾಗ ಕೋಟೆ ಬಿದ್ದದ್ದು ಆ ದಾರಿಯಿಂದಲ್ಲ. ಬುರುಜಿನ ಬಳಿಯ ಮದ್ದಿಗೆ ಬೆಂಕಿ ತಗಲಿ ಸಿಡಿಯಿತು. ಕಿಲ್ಲೇದಾರ ಸಿದ್ದಿ ಮರ್ಜಾನನು ಮೈಯೆಲ್ಲ ಬೆಂದು ಬಿದ್ದನು. ಸಾಯುವ ಮುನ್ನ ಅವನು ಕೋಟೆಯ ಕೀಲಿಕೈಗಳನ್ನು ಮಕ್ಕಳ ಕೈಯಲ್ಲಿ ಔರಂಗಜೇಬನಿಗೆ ಕಳಿಸಿಕೊಟ್ಟನೆಂದು ಇತಿಹಾಸಕಾರರು ಬರೆದಿದ್ದಾರೆ. ಮುತ್ತಿಗೆ ನಡೆದದ್ದು 27 ದಿನ. ಸೊಟ್ಟದಾರಿ ಗಳಿಸಿಕೊಟ್ಟದ್ದು ಕಾಲವನ್ನು, ಅಷ್ಟನ್ನೇ.

ಇನ್ನು ಇಂಗ್ಲೆಂಡಿನ ಕಥೆ. ಅಲುಗಾಡದ ಗೋಡೆಗಳನ್ನು ನಂಬಿ ಕೆಟ್ಟ ಮೇಲೆ, 1778ರಲ್ಲಿ ರಾಬರ್ಟ್ ಬ್ಯಾರನ್ ಎಂಬವನು ಬೀಗದೊಳಗೆ ಚಲಿಸುವ ಪತರಿಗಳನ್ನಿಟ್ಟನು. ಪತರಿಯನ್ನು ಕೀಲಿ ಸರಿಯಾದ ಎತ್ತರಕ್ಕೆ ಎತ್ತಬೇಕು. ಕಡಮೆ ಎತ್ತಿದರೂ ಹೆಚ್ಚು ಎತ್ತಿದರೂ ಅಗುಳಿ ಸರಿಯದು. ಈಗ ಬೀಗ ಪರೀಕ್ಷೆ ಮಾಡಲು ಕಲಿಯಿತು. 1784ರಲ್ಲಿ ಜೋಸೆಫ್ ಬ್ರಾಮಾನ ಬೀಗ ಬಂದಿತು. ಅದರ ಕಂಡಿ ಸಣ್ಣದೊಂದು ದುಂಡನೆಯ ತೂತು. ಕೀಲಿ ತುದಿಯಲ್ಲಿ ಸೀಳುಗಳಿದ್ದ ಪುಟ್ಟ ಕೊಳವೆ. ಲಂಡನ್ನಿನ ಪಿಕ್ಯಾಡಿಲಿಯ ತನ್ನ ಅಂಗಡಿಯ ಕಿಟಕಿಯಲ್ಲಿ ಅಂಥ ಬೀಗವನ್ನಿರಿಸಿ, ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಕೊಡುವೆನೆಂದು ಬ್ರಾಮಾ ಬರೆಯಿಸಿದನು. 1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳುವಾಯಿತು. ಸರಕಾರ ಒಳ್ಳೆಯ ಬೀಗಕ್ಕೆ ಬಹುಮಾನವಿಟ್ಟಿತು. ಮರುವರ್ಷ ಜೆರೆಮಯಾ ಚಬ್ಬನು ‘ಪತ್ತೇದಾರ’ ಬೀಗವನ್ನು ಮಾಡಿದನು. ತಪ್ಪು ಸಾಧನದಿಂದ ಪತರಿಯನ್ನು ಅತಿಯಾಗಿ ಎತ್ತಿದರೆ ಅದು ಸಿಕ್ಕಿಕೊಂಡು ನಿಲ್ಲುವುದು. ಒಡೆಯನು ಬಂದು ಕೀಲಿ ಹಾಕಿದಾಗ ಯಾರೋ ಕೈಯಾಡಿಸಿದ್ದಾರೆಂದು ತಿಳಿಯುವುದು. ವಿಜ್ಞಾನೇಶ್ವರನ ಮುದ್ರೆ ಕಬ್ಬಿಣದೊಳಗೆ ಸೇರಿತೆನ್ನಿ.

1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಆಲ್ಫ್ರೆಡ್ ಹಾಬ್ಸ್ ಬಂದನು. ಸಾಕ್ಷಿಗಳೆದುರು ಚಬ್ಬನ ಬೀಗವನ್ನು 25 ನಿಮಿಷದಲ್ಲಿ ತೆರೆದನು. ಏಳು ನಿಮಿಷದಲ್ಲಿ ಪತ್ತೇದಾರನಿಗೂ ತಿಳಿಯದಂತೆ ಮತ್ತೆ ಮುಚ್ಚಿದನು. ಬ್ರಾಮಾನ ಬೀಗಕ್ಕೆ 16 ದಿನಗಳಲ್ಲಿ ಹಂಚಿಹೋದ 51 ತಾಸು ಹಿಡಿಯಿತು, ಅದೂ ತೆರೆಯಿತು. 200 ಗಿನಿಗಳು ಅವನ ಪಾಲಾದವು. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ನನಗೆ ಇಲ್ಲಿ ಮುಖ್ಯವೆನಿಸುವುದು ಎರಡು ಬೀಗಗಳಿಗೆ ಹಿಡಿದ ಕಾಲದ ಅಂತರ. ಚಬ್ಬನ ಕಂಡಿ ಅಗಲ. ಎರಡು ಸಾಧನಗಳನ್ನು ಒಟ್ಟಿಗೆ ಆಡಿಸಲು ಎಡೆಯಿದ್ದಿತು. ಬ್ರಾಮಾನದು ಕಿರಿದು, ಒಳಗೆ ಚಲಿಸುವ ಪಟ್ಟಿಗಳೂ 18 ಇದ್ದವು, ಹಾಬ್ಸನು ಬೀಗದ ಮೇಲೆಯೇ ಒಂದು ಯಂತ್ರವನ್ನು ಹೂಡಬೇಕಾಯಿತು. ಕಂಡಿಯೊಂದೇ ಈ ಅಂತರವನ್ನು ತಂದಿತೆಂದು ನಾನು ಹೇಳಲಾರೆ. ಕಂಡಿಯ ಪಾಲು ಅದರಲ್ಲಿ ಇದೆಯೆಂಬುದರಲ್ಲಿ ಸಂಶಯವಿಲ್ಲ.

ಈಗ ನಮ್ಮ ಕಿಸೆಯ ಕೀಲಿಗೆ ಬರೋಣ. ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಚಪ್ಪಟೆ ಕೀಲಿಯ ಬೀಗಕ್ಕೆ ಸನ್ನದು ಪಡೆದನು. ಅವನು ಮಾಡಿದ್ದು ಈಜಿಪ್ಟಿನ ಗೂಟಗಳನ್ನು ಪುನಃ ಕರೆತಂದದ್ದು. ಹಿತ್ತಾಳೆಯ ಚಿಪ್ಪಿನೊಳಗೆ ತಿರುಗುವ ಒಂದು ಉರುಳೆ. ಚಿಪ್ಪಿಗೂ ಉರುಳೆಗೂ ಸೇರಿದಂತೆ ಸಾಲಾಗಿ ಐದೋ ಆರೋ ತೂತು. ಪ್ರತಿ ತೂತಿನಲ್ಲಿ ಒಂದರ ಮೇಲೊಂದು ಎರಡು ಕೀಲುಗಳು, ಮೇಲೆ ಒತ್ತುವ ಸುರುಳಿ. ಸರಿಯಾದ ಹಲ್ಲುಗಳು ಒಳಬಂದಾಗ ಎಲ್ಲ ಜೋಡಿಗಳ ನಡುವಣ ಸಂಧಿಯೂ (ಇದು ಮೂರನೆಯ ಸಂಧಿ!) ಉರುಳೆಯ ಅಂಚಿನ ಗೆರೆಗೆ ಬಂದು ನಿಲ್ಲುತ್ತದೆ, ಉರುಳೆ ತಿರುಗುತ್ತದೆ. ಐದು ಕೀಲಿಗೆ ಆರಾರು ಎತ್ತರಗಳೆಂದರೆ ಕಾಗದದ ಮೇಲೆ 7,776 ಬಗೆಯ ಕೀಲಿಗಳಾಗುತ್ತವೆ. ಲೆಕ್ಕ ಚೆನ್ನಾಗಿದೆ. ಆದರೆ ಮೊದಲಿನ ಯೇಲ್ ಬೀಗದ ಕಂಡಿ ನೇರವಾದ ಸೀಳು. ಯಾವ ಚಪ್ಪಟೆ ತಗಡಾದರೂ ಒಳಗೆ ಹೋಗಬಹುದು. ಆದುದರಿಂದ ಮುಂದಿನವರು ಸೀಳನ್ನು ಅಲೆಯಲೆಯಾಗಿ ಮಾಡಿದರು. ಅದೂ ಸಾಲದೆ, ಎರಡೂ ಕಡೆಯ ಏಣುಗಳು ನಡುಗೆರೆಯನ್ನು ದಾಟಿ ಒಂದನ್ನೊಂದು ಮೀರಿ ಚಾಚುವಂತೆ ಮಾಡಿದರು. ಅಂಥ ಕಂಡಿಯನ್ನು ಎದುರಿನಿಂದ ನೋಡಿದರೆ ಕೆಳಗಿನಿಂದ ಮೇಲಕ್ಕೆ ಒಂದು ನೇರ ಗೆರೆಯನ್ನು ಎಳೆಯಲು ಬರುವುದಿಲ್ಲ.

ಇದರಿಂದಾಗುವ ಲಾಭವನ್ನು ತಿಳಿಯಬೇಕಾದರೆ ಮೀಟುವವನ ಕಷ್ಟವನ್ನು ತಿಳಿಯಬೇಕು. ಲೋಹವನ್ನು ಎಷ್ಟೇ ನಯವಾಗಿ ಕೊರೆದರೂ ಆ ತೂತುಗಳು ಕೂದಲೆಳೆಯಷ್ಟಾದರೂ ಸಾಲು ತಪ್ಪುತ್ತವೆ. ಉರುಳೆಯನ್ನು ಒಂದು ಬಾಗಿದ ಪಟ್ಟಿಯಿಂದ ಮೆಲ್ಲನೆ ತಿರುಗಿಸುವಂತೆ ಒತ್ತಿದರೆ ಎಲ್ಲ ಕೀಲುಗಳೂ ಒಮ್ಮೆಗೇ ಬಿಗಿಯುವುದಿಲ್ಲ, ಒಂದು ಮೊದಲು ಬಿಗಿಯುತ್ತದೆ. ಅದನ್ನು ಇನ್ನೊಂದು ಕಡ್ಡಿಯಿಂದ ಎತ್ತಿದರೆ ಗೆರೆಗೆ ಬಂದು ಕೂರುತ್ತದೆ. ಬಳಿಕ ಇನ್ನೊಂದರ ಸರದಿ. ಏಳು ಸಾವಿರ ಕೀಲಿಗಳ ಲೆಕ್ಕ ಹೀಗೆ ಐದು ಸಣ್ಣ ಕೆಲಸಗಳಿಗೆ ಇಳಿದುಬಿಡುತ್ತದೆ! ಈ ಆಟಕ್ಕೆ ಬೇಕಾದದ್ದು ಎರಡು ಸಾಧನಗಳಿಗೆ ಜಾಗ ಮತ್ತು ಕಡ್ಡಿ ಮೇಲೆ ಕೆಳಗೆ ಆಡಲು ಬಯಲು. ಅಗಲವಾದ ನೇರ ಕಂಡಿ ಇವೆರಡನ್ನೂ ಕೊಡುತ್ತದೆ. ಸೊಟ್ಟ ಕಂಡಿಯಲ್ಲಿ ಕಡ್ಡಿ ಏಣಿಗೆ ತಗಲುತ್ತದೆ. ತಗಲಿದ್ದು ಏಣಿಗೋ ಕೀಲಿಗೋ ಎಂಬುದು ಬೆರಳಿಗೆ ತಿಳಿಯದು. ಮೀಟುವ ವಿದ್ಯೆಯೆಲ್ಲ ಬೆರಳಿನ ತಿಳಿವೇ ಆದುದರಿಂದ ಇದು ಸಣ್ಣ ತೊಡಕಲ್ಲ. ಆದರೆ ಇದು ತೊಡಕೇ ಹೊರತು ತಡೆಯಲ್ಲ. ಕಂಡಿ ಕಿರಿದಾದರೆ ಕಡ್ಡಿಯೂ ತೆಳುವಾಗುತ್ತದೆ. ಅದಕ್ಕಾಗಿ ಜಾಣರು ಕೀಲುಗಳನ್ನೇ ನಡು ಸಣ್ಣದಾದ ಡಮರುವಿನ ಆಕಾರದಲ್ಲಿ ಮಾಡಿದರು. ಮೀಟುವಾಗ ಡಮರುವಿನ ನಡು ಗೆರೆಗೆ ಸಿಕ್ಕಿ, ಬೀಗ ತೆರೆಯಿತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಸೊಟ್ಟ ಕಂಡಿಯೂ ಡಮರು ಕೀಲೂ ಜೊತೆಗಿದ್ದರೆ ಅದು ಬೆಲೆಯುಳ್ಳ ಬೀಗ. ಕಂಡಿ ಸೊಟ್ಟಗಿದ್ದು ಒಳಗೆ ಒರಟು ಕೆಲಸವಿದ್ದರೆ, ಕೊಂಡವನು ಕೊಟ್ಟ ಹಣ ಮುಖದ ಚಿತ್ತಾರಕ್ಕೆ.

ಸೊಟ್ಟತನಕ್ಕೂ ಒಂದು ಮಿತಿಯಿದೆ. ಕಂಡಿ ಬಹಳ ಸುತ್ತಾದರೆ ಕೀಲಿಯ ಮೈಯಲ್ಲಿ ಲೋಹ ಉಳಿಯುವುದಿಲ್ಲ, ತಿರುಗಿಸುವಾಗ ಮುರಿಯುತ್ತದೆ. ನಮ್ಮೂರಿನ ಬೇಸಗೆಯ ಧೂಳು ಅಂಥ ಕಂಡಿಯಲ್ಲಿ ಸೇರಿಕೊಂಡರೆ ಕಳ್ಳನಿಗಿಂತ ಮೊದಲು ಒಡೆಯನೇ ಹೊರಗೆ ನಿಲ್ಲಬೇಕಾಗುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಬದಿಯಲ್ಲಿ ಕೊಡೆಯ ಕೆಳಗೆ ಕುಳಿತು ಕೀಲಿ ಮಾಡುವವರಲ್ಲಿ ಒಬ್ಬರ ಬಳಿ ನಾನು ಆಗಾಗ ನಿಲ್ಲುವುದುಂಟು. ಅವರ ಬೆನ್ನ ಹಿಂದಿನ ಹಲಗೆಯ ಮೇಲೆ ಹಲ್ಲಿಲ್ಲದ ಖಾಲಿ ಕೀಲಿಗಳು ನೂರಾರು ತೂಗುತ್ತಿರುತ್ತವೆ. ನಾನು ಕೀಲಿ ಕೊಟ್ಟರೆ ಅವರು ಹಲ್ಲುಗಳ ಕಡೆಗೆ ನೋಡುವುದೇ ಇಲ್ಲ; ಅಡ್ಡ ಹಿಡಿದು ತುದಿಯನ್ನು ನೋಡುತ್ತಾರೆ. “ಹಲ್ಲು ಯಾರು ಬೇಕಾದರೂ ತಿಕ್ಕತಾರ್ರೀ ಸರ. ಮೊದಲು ಇದರ ಜಾತಿ ಸಿಗಬೇಕು” ಎಂದು ಒಮ್ಮೆ ಹೇಳಿದರು. ಕೀಲಿಯ ಕೆನ್ನೆಯ ಜಾಡು ಅದರ ಮನೆತನದ ಹೆಸರು, ಹಲ್ಲುಗಳು ಅದರ ಸ್ವಂತ ಹೆಸರು ಎಂದು ನಾನು ಅರ್ಥಮಾಡಿಕೊಂಡೆ. ಕಂಡಿಯ ಆಕಾರಕ್ಕೆ ಇಂದು ಇರುವ ದೊಡ್ಡ ಬೆಲೆ ಇಲ್ಲಿಯೇ ಎಂದು ನನಗೆ ತೋರುತ್ತದೆ. ಮೀಟುವ ನಿಪುಣರು ಊರಿಗೆ ಎಷ್ಟು ಮಂದಿ ಇದ್ದಾರು? ನಕಲು ಕೀಲಿಯಾದರೋ ಹತ್ತು ನಿಮಿಷದ ಕೆಲಸ. ಬಾಡಿಗೆಯ ಮನೆಗಳಲ್ಲಿ ಬಿಡಾರ ಬದಲಾಗುತ್ತದೆ, ಬೀಗ ಬದಲಾಗುವುದಿಲ್ಲ. ಹಿಂದಿದ್ದವರು ಹಿಂದಿರುಗಿಸಿದ ಕೀಲಿಗಳನ್ನು ಎಣಿಸಿಕೊಂಡು ಹೊಸಬರು ನೆಮ್ಮದಿಯಾಗಿ ಮಲಗುತ್ತಾರೆ. ಕೆಲವು ಕಂಪನಿಗಳು ತಮ್ಮ ಕಂಡಿಯ ಆಕಾರಕ್ಕೆ ಸನ್ನದು ಪಡೆದು, ಆ ಜಾತಿಯ ಖಾಲಿ ಕೀಲಿ ಪೇಟೆಯಲ್ಲಿ ಸಿಗದಂತೆ ಕಟ್ಟುಮಾಡುತ್ತವೆ. ಆಗ ಕಾವಲು ಕಾಯುವುದು ಹಿತ್ತಾಳೆಯಲ್ಲ, ಕಾಯಿದೆ. ಸನ್ನದಿನ ಅವಧಿ ತೀರಿದ ಮರುದಿನ ಹಿತ್ತಾಳೆ ಹಾಗೆಯೇ ಇರುತ್ತದೆ, ಕಾವಲು ಇರುವುದಿಲ್ಲ.

ನಮ್ಮ ದೇಶದ ಬೀಗಗಳನ್ನು ಕುರಿತು ಹೇಳದೆ ಹೋದರೆ ತಪ್ಪಾದೀತು. ಅಲಿಗಢ, ದಿಂಡಿಗಲ್ಲುಗಳು ಬೀಗದ ಊರುಗಳೆಂದೇ ಹೆಸರಾದವು. ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತೂ ದೊರೆಯಿತು. ವಕೀಲಿ ಬಿಟ್ಟ ಆರ್ದೇಶಿರ್ ಗೋದ್ರೇಜ್ 1897ರಲ್ಲಿ ಮುಂಬಯಿಯಲ್ಲಿ ಬೀಗದ ಕಾರ್ಖಾನೆ ಹೂಡಿದರು. ನಮ್ಮ ಅಂಗಡಿ ಮುಂಗಟ್ಟುಗಳ ಭಾರವಾದ ಬೀಗಗಳಲ್ಲಿ ಬಹುಪಾಲು ಬ್ಯಾರನ್ನನ ವಂಶದ ಪತರಿ ಬೀಗಗಳು. ಅವುಗಳ ಕಂಡಿ ಅಗಲ, ಧೂಳಿಗೆ ಹೆದರುವುದಿಲ್ಲ. ಕಂಡಿ ಕೊಡದ ರಕ್ಷಣೆಯನ್ನು ಪತರಿಗಳ ಸಂಖ್ಯೆ ಕೊಡಬೇಕು. ಆದುದರಿಂದ ಕೊಳ್ಳುವಾಗ ಪತರಿ ಎಷ್ಟೆಂದು ಕೇಳುವುದು ಜಾಣತನ. ತೂಕ ನೋಡಿ ಕೊಳ್ಳುವವರೇ ಹೆಚ್ಚು. ಸರಕಾರದ ಖಜಾನೆಗಳು ಇದನ್ನೆಲ್ಲ ಬಲ್ಲವೋ ಎಂಬಂತೆ ಬೇರೊಂದು ಹಾದಿ ಹಿಡಿದವು: ಒಂದೇ ಬಾಗಿಲಿಗೆ ಎರಡು ಬೀಗ, ಇಬ್ಬರು ಅಧಿಕಾರಿಗಳ ಕೈಯಲ್ಲಿ ಒಂದೊಂದು ಕೀಲಿ. ಕಂಡಿ ಹೇಗಾದರೂ ಇರಲಿ, ಇಬ್ಬರು ಒಂದಾಗದೆ ಬಾಗಿಲು ತೆರೆಯದು.

ಈ ಲೇಖನದ ಕರಡನ್ನು ಓದಿದ ಸಹೋದ್ಯೋಗಿಯೊಬ್ಬರು, ಕಳ್ಳರಿಗೆ ಪಾಠ ಹೇಳಿಕೊಟ್ಟಂತಾಗದೆ ಎಂದು ಆಕ್ಷೇಪಿಸಿದರು. ಹಾಬ್ಸನ ಕಾಲದಲ್ಲಿಯೂ ಈ ಆಕ್ಷೇಪ ಬಂದಿತ್ತು. 1853ರಲ್ಲಿ ಚಾರ್ಲ್ಸ್ ಟಾಮ್ಲಿನ್ಸನ್ ಪ್ರಕಟಿಸಿದ ಬೀಗಗಳ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ: ಕಳ್ಳರು ತಮ್ಮ ಕಸುಬಿನಲ್ಲಿ ನಮಗಿಂತ ಮುಂದೆಯೇ ಇರುತ್ತಾರೆ, ಬೀಗದ ದೋಷವನ್ನು ಮುಚ್ಚಿಟ್ಟರೆ ಅರಿಯದೆ ಉಳಿಯುವವರು ಕೊಳ್ಳುವವರು ಮಾತ್ರ. ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಹಾಬ್ಸನು ತೆರೆದು ತೋರಿಸದೆ ಇದ್ದಿದ್ದರೆ ಬ್ರಾಮಾನ ಕಿಟಕಿಯ ಫಲಕವನ್ನು ಓದಿ ಜನ ಇನ್ನೂ ಎಷ್ಟು ವರ್ಷ ನಂಬಿರುತ್ತಿದ್ದರೋ! ನಮ್ಮ ಅಂಗಡಿಗಳಲ್ಲಿ ಬೀಗದ ಪೆಟ್ಟಿಗೆಯ ಮೇಲೆ ‘ಮೀಟಲಾಗದು’ ಎಂಬ ಅರ್ಥದ ಬರಹವನ್ನು ಕಂಡಾಗ, ಇದನ್ನು ಪರೀಕ್ಷಿಸಿದವರು ಯಾರು, ಎಷ್ಟು ಹೊತ್ತು, ಎಂದು ಕೇಳುವ ಹಕ್ಕು ದುಡ್ಡು ಕೊಡುವವನಿಗೆ ಇದ್ದೇ ಇದೆ.

ಹೋದ ಬೇಸಗೆಯಲ್ಲಿ ಕಮಲಾಪುರಕ್ಕೆ ಹೋಗಿದ್ದೆ. ಅಲ್ಲಿಯ ಕೆಂಪು ಬಾಳೆ ಹೆಸರುವಾಸಿಯಾದದ್ದು. ತೋಟಗಳಲ್ಲಿ ಪಂಪಿನ ಮನೆಗೆ ಕಾವಲು ಬೇಕು, ತಾಮ್ರದ ತಂತಿಗಾಗಿ ಕಳ್ಳರು ಬರುತ್ತಾರೆ. ಪರಿಚಯದ ರೈತರೊಬ್ಬರು ಕಲಬುರಗಿಯಿಂದ ತಂದ ಹೊಸ ಬೀಗವನ್ನು ಅಭಿಮಾನದಿಂದ ತೋರಿಸಿದರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ: ಏಣುಗಳು ನಡುಗೆರೆಯನ್ನು ದಾಟಿದ್ದ, ಹಾವಿನಂಥ ಅಪ್ಪಟ ಸೊಟ್ಟ ಕಂಡಿ. ಒಳ್ಳೆಯ ಬೀಗವೆಂದು ಹೇಳಿದೆ. ಆಮೇಲೆ ಕಣ್ಣು ಅದು ತೂಗುತ್ತಿದ್ದ ಚಿಲಕದ ಕಡೆಗೆ ಹೋಯಿತು. ತುಕ್ಕು ಹಿಡಿದ ತಗಡಿನ ಪಟ್ಟಿ, ಒಣಗಿ ಬಿರಿದ ಬೇವಿನ ಚೌಕಟ್ಟಿಗೆ ನಾಲ್ಕು ತಿರುಪುಮೊಳೆಗಳಿಂದ ನಿಂತಿತ್ತು. ನಾಲ್ಕರ ತಲೆಗಳೂ ಹೊರಗೇ ಕಾಣುತ್ತಿದ್ದವು. ಅವುಗಳ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಒಂದು ಕ್ಷಣ ನೋಡಿ, ಬಡಿಗನನ್ನು ಕರೆತರಲು ಮಗನನ್ನು ಸೈಕಲ್ಲಿನ ಮೇಲೆ ಕಳಿಸಿದರು.